ಕುಟುಕುವ ಜೀವಿಗಳೂ ಮನೆಯವರ ಎಚ್ಚರವೂ

ನಮ್ಮ ಶಾಲೆಯಲ್ಲಿ ಕಲಿತು ಈಗ ತಮ್ಮ ತಮ್ಮ ಸಂಸಾರಗಳನ್ನು ನಡಿಸುತ್ತಿರುವ ಸೋದರಿಯರೂ, ತಮ್ಮ ಹೆಣ್ಣುಮಕ್ಕಳನ್ನು ನಂಬಿಕೆಯಿಂದ ನಮ್ಮ ವಶಕ್ಕೆ ಕೊಟ್ಟಿರುವ ತಂದೆತಾಯಿಗಳೂ ಈ ಸ್ಮರಣ ಸಂಚಿಕೆಯನ್ನು ಓದುವರೆಂದು ಬಲ್ಲೆವು. ಇಂಥ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಅಭಿವೃದ್ಧಿಯ ವಿಷಯವಾಗಿ ನಾಲ್ಕು ಮಾತು ಬರೆಯುವದು ವಾಡಿಕೆ. ಆ ಸಂಗತಿಗಳು ವರದಿಯಲ್ಲಿ ಬೇರೆಯಾಗಿ ಬಂದಿರುವದರಿಂದ, ಮನೆಗೆ ಉಪಯೋಗವಾಗುವ ಒಂದು ಸಣ್ಣ ವಿಷಯವನ್ನು ನಾವು ಇಲ್ಲಿ ಆರಿಸಿಕೊಂಡಿದ್ದೇವೆ. ಸಣ್ಣದೆಂದು ಹೇಳಿದೆವು, ಯಾಕಂದರೆ ಅದರ ಮೂಲವು ಸೂಜಿಯ ಮೊನೆಗಿಂತಲೂ ಸಣ್ಣದಾದ ಒಂದು ಮುಳ್ಳು. ಅದರ ಪರಿಣಾಮವು ಎಷ್ಟು ದೊಡ್ಡದಾಗಬಹುದೆಂಬದನ್ನು ನಾವು ಸ್ವಂತ ತಪ್ಪಿನಿಂದಲೇ ಕಲಿತೆವು.

ಅನೇಕ ವರ್ಷಗಳ ಕೆಳಗೆ, ನಾವು ಇನ್ನೂ ಹೊಸ ಉಪಾಧ್ಯಾಯಿನಿಯಾಗಿದ್ದು ವಸತಿಗೃಹವೊಂದರ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದಾಗ, ಮೊದಲ ಮಳೆ ಬಿದ್ದ ಒಂದು ಸಂಜೆ ಐದನೆಯ ತರಗತಿಯ ಹುಡುಗಿಯೊಬ್ಬಳು ನೀರು ಕಾಯಿಸುವ ಒಲೆಗಾಗಿ ತೊಗರಿಯ ಕಟ್ಟಿಗೆ ತರಲು ಹೋದಳು. ಹೊರೆಯಲ್ಲಿ ಕೈಯಿಟ್ಟ ಕೂಡಲೆ ಏನೋ ಬೆರಳಿಗೆ ಕಡಿಯಿತು. ಅವಳು ಒಮ್ಮೆ ಚೀರಿ ಸುಮ್ಮನಾದಳು. ಬಹಳ ಅಳಲಿಲ್ಲವಾದ್ದರಿಂದ ದೊಡ್ಡದೇನೂ ಅಲ್ಲವೆಂದು ನಾವು ತಿಳಿದು, ಬೆರಳಿಗೆ ಸುಣ್ಣ ಹಚ್ಚಿ, ಮಣಿಕಟ್ಟಿಗೆ ದಾರ ಬಿಗಿದು, ಮಲಗಿಸಿದೆವು. ಸುಮಾರು ಒಂದು ತಾಸಿನ ಮೇಲೆ ಅವಳು ಎರಡು ಸಾರಿ ವಾಂತಿಮಾಡಿದಳು. ಉಟ್ಟ ಬಟ್ಟೆ ಬೆವರಿನಿಂದ ತೊಯ್ದಿತ್ತು. ಅಂಥ ಸೆಕೆಯಲ್ಲಿಯೂ ಕೈಕಾಲುಗಳು ತಣ್ಣಗಾಗಿದ್ದವು. ಆಗ ಎದ್ದುಬಿದ್ದು ದವಾಖಾನೆಗೆ ಒಯ್ದೆವು. ಅಲ್ಲಿಯ ಡಾಕ್ಟರರು ನಮ್ಮನ್ನು ಗದರಿಸಲಿಲ್ಲ. ಎರಡೇ ಪ್ರಶ್ನೆಗಳನ್ನು ಕೇಳಿದರು: “ಯಾವದು ಕಡಿಯಿತು? ಕಡಿದು ಎಷ್ಟು ಹೊತ್ತಾಯಿತು?” ಮೊದಲನೆಯದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಎರಡನೆಯದಕ್ಕೆ ಉತ್ತರ ಕೊಡಲು ನಾಚಿಕೆಯಾಯಿತು.

ಹುಡುಗಿಯು ಮೂರು ದಿವಸ ಅಲ್ಲಿದ್ದು ಗುಣಹೊಂದಿ ಮರಳಿದಳು. ಆದರೆ ಆ ಒಂದು ತಾಸನ್ನು ನಾವು ಮರೆತಿಲ್ಲ. ಕರಿಹಲಗೆಯ ಮೇಲೆ ಚೇಳಿನ ಚಿತ್ರವನ್ನು ಬರೆದು ಅಂಗಾಂಗಗಳನ್ನು ಹೆಸರಿಸುತ್ತಿದ್ದ ನಮಗೆ, ಅದು ಒಂದು ಮಗುವನ್ನು ಕಡಿದಾಗ ಏನು ಮಾಡಬೇಕೆಂಬದು ತಿಳಿದಿರಲಿಲ್ಲ. ಆ ಡಾಕ್ಟರರ ಎರಡು ಪ್ರಶ್ನೆಗಳಿಗೆ ಪ್ರತಿಯೊಬ್ಬ ತಾಯಿಯೂ ಸಿದ್ಧವಾದ ಉತ್ತರವನ್ನು ಕೊಡಲು ಶಕ್ತಳಾಗಬೇಕೆಂಬದೇ ಈ ಲೇಖನದ ಉದ್ದೇಶವು.

ಯಾವ ಯಾವ ಜೀವಿಗಳು

ಹುಮನಾಬಾದ, ಬಸವಕಲ್ಯಾಣ ತಾಲೂಕುಗಳಲ್ಲಿ ಮನೆಯ ಹತ್ತರ ಕುಟುಕುವ ಜೀವಿಗಳು ಮುಖ್ಯವಾಗಿ ಮೂರು: ಜೇನು, ಕಣಜ, ಚೇಳು. ಜೇನೂ ಕಣಜವೂ ಇರುವೆಯೂ ಒಂದೇ ಬಳಗದ ಕೀಟಗಳು, ಆರು ಕಾಲುಳ್ಳವು. ಚೇಳು ಕೀಟವೇ ಅಲ್ಲ. ಅದಕ್ಕೆ ಎಂಟು ಕಾಲು. ಅದು ಜೇಡನ ನೆಂಟ. ನಮ್ಮ ಊರುಗಳಲ್ಲಿ ಅದನ್ನು ಕೆಲವರು ವಿಂಚೂ ಎಂದೂ, ಕೆಲವರು ಬಿಚ್ಛೂ ಎಂದೂ, ಕೆಲವರು ತೇಲು ಎಂದೂ ಕರೆಯುತ್ತಾರೆ. ನಾಲ್ಕು ಭಾಷೆಯವರಿಗೂ ಭಯ ಒಂದೇ.

ಹೆಣ್ಣುಮಕ್ಕಳ ಶಾಲೆಯಲ್ಲಿ ಪ್ರತಿವರ್ಷವೂ ನಗೆ ಹುಟ್ಟಿಸುವ ಸಂಗತಿಯೊಂದುಂಟು. ಜೇನಿನಲ್ಲಿಯೂ ಕಣಜದಲ್ಲಿಯೂ ಕುಟುಕುವದು ಹೆಣ್ಣು ಮಾತ್ರ. ಗಂಡಿಗೆ ಕೊಂಡಿಯೇ ಇಲ್ಲ. ಯಾಕಂದರೆ ಕೊಂಡಿಯೆಂಬದು ಮೊಟ್ಟೆಯಿಡುವ ಅಂಗವೇ ಮಾರ್ಪಟ್ಟು ಆಯುಧವಾದದ್ದು. ಗೂಡನ್ನೂ ಮರಿಗಳನ್ನೂ ಕಾಯುವದು ಹೆಣ್ಣಿನ ಕೆಲಸವಾಗಿರುವದರಿಂದ ಆಯುಧವೂ ಅವಳ ವಶದಲ್ಲಿದೆ. ಚೇಳಿನಲ್ಲಿಯಾದರೋ ಗಂಡುಹೆಣ್ಣುಗಳೆರಡೂ ಕುಟುಕುತ್ತವೆ.

ಜೇನಿಗೂ ಕಣಜಕ್ಕೂ ಇರುವ ಒಂದು ಭೇದವನ್ನು ನೆನಪಿನಲ್ಲಿಡಬೇಕು. ಜೇನಿನ ಕೊಂಡಿಗೆ ಗರಗಸದಂತೆ ಹಿಂದಿರುಗಿದ ಹಲ್ಲುಗಳುಂಟು. ಅದು ನಮ್ಮ ಚರ್ಮದಲ್ಲಿ ಸಿಕ್ಕಿಕೊಂಡು, ವಿಷದ ಚೀಲದೊಡನೆ ಕಿತ್ತು ಉಳಿಯುತ್ತದೆ, ಜೇನು ಸಾಯುತ್ತದೆ. ಕಣಜದ ಕೊಂಡಿಯು ನುಣುಪಾದದ್ದು. ಅದು ಹೊರಗೆಳೆದುಕೊಂಡು ಮತ್ತೆ ಮತ್ತೆ ಕುಟುಕಬಲ್ಲದು. ಆದ್ದರಿಂದ ಚರ್ಮದಲ್ಲಿ ಕಪ್ಪು ಮುಳ್ಳು ಉಳಿದಿದ್ದರೆ ಕುಟುಕಿದ್ದು ಜೇನೆಂದು ತಿಳಿಯಬೇಕು.

ಜೇನುಗಳು

ಜೇನುಗಳಲ್ಲಿ ನಾಲ್ಕು ತರದವು ನಮ್ಮ ಮನೆಗಳ ಸುತ್ತ ಕಾಣುತ್ತವೆ. ಹೆಜ್ಜೇನು ಎತ್ತರದ ಆಲ, ಅರಳಿ ಮರಗಳಲ್ಲಿಯೂ, ನೀರಿನ ಟಾಕಿಗಳ ಕೆಳಗೂ, ಹಳೆಯ ಕಟ್ಟಡಗಳ ಚಾಚಿದ ಕಲ್ಲುಗಳಿಗೂ ಒಂದೇ ಹಲ್ಲೆಯ ದೊಡ್ಡ ಹುಟ್ಟನ್ನು ಕಟ್ಟುತ್ತದೆ. ಅದರ ಅಗಲವು ಒಂದು ಗಜವನ್ನು ಮೀರುವದುಂಟು. ಕೋಲುಜೇನು ಬೇಲಿಯ ಕಡ್ಡಿಗಳಲ್ಲಿ ಅಂಗೈಯಗಲದ ಹುಟ್ಟನ್ನು ಕಟ್ಟುತ್ತದೆ. ತುಡುವೆಯು ಮರದ ಪೊಟರೆಯಲ್ಲಿಯೂ ಗೋಡೆಯ ಪೊಳ್ಳಿನಲ್ಲಿಯೂ ವಾಸಿಸುತ್ತದೆ. ನಾಲ್ಕನೆಯದಾದ ನಸರುಜೇನು ಇರುವೆಯಷ್ಟೇ ಸಣ್ಣದು. ಗೋಡೆಯ ಸಂದಿನಲ್ಲಿ ಮೇಣದ ಸಣ್ಣ ನಳಿಗೆಯನ್ನು ಬಾಗಿಲಾಗಿ ಮಾಡಿಕೊಂಡಿರುತ್ತದೆ. ಇದಕ್ಕೆ ಕುಟುಕುವ ಶಕ್ತಿಯೇ ಇಲ್ಲ. ತಿಳಿಯದವರು ಇದರ ಮೇಲೂ ಸೀಮೆಎಣ್ಣೆ ಸುರಿಯುವದನ್ನು ನಾವು ನೋಡಿದ್ದೇವೆ.

ಇವುಗಳಲ್ಲಿ ಭಯಪಡತಕ್ಕದ್ದು ಹೆಜ್ಜೇನು. ಒಂದು ಹುಟ್ಟಿನಲ್ಲಿ ಹತ್ತಾರು ಸಾವಿರ ನೊಣಗಳಿರುತ್ತವೆ. ಅವು ತಾವಾಗಿ ಮನುಷ್ಯರನ್ನು ಹುಡುಕಿಕೊಂಡು ಬರುವದಿಲ್ಲ. ಹುಡುಗರು ಕಲ್ಲೆಸೆದದ್ದು, ಮರದ ಕೆಳಗೆ ಕಸ ಸುಟ್ಟು ಹೊಗೆಯೆಬ್ಬಿಸಿದ್ದು, ಮೆರವಣಿಗೆಯಲ್ಲಿ ಪಟಾಕಿ ಹಾರಿಸಿದ್ದು, ಜೇನುಗಿಡುಗವು ಬಂದು ಹುಟ್ಟನ್ನು ಹರಿದದ್ದು, ಇವೇ ಸಾಮಾನ್ಯ ಕಾರಣಗಳು. ಒಂದು ನೊಣ ಕುಟುಕಿದ ಕೂಡಲೆ ಆ ಕೊಂಡಿಯಿಂದ ಮಾಗಿದ ಬಾಳೆಹಣ್ಣಿನಂಥ ಒಂದು ವಾಸನೆ ಹೊರಡುತ್ತದೆ. ಅದು ಉಳಿದವುಗಳಿಗೆ ಕಹಳೆ ಊದಿದಂತೆ. ಎಲ್ಲವೂ ಅದೇ ಸ್ಥಳಕ್ಕೆ ಎರಗುತ್ತವೆ. ಕೈಬೀಸಿ ಹೊಡೆಯುವವನು ಹೆಚ್ಚು ಕುಟುಕಿಸಿಕೊಳ್ಳುವದು ಈ ಕಾರಣದಿಂದಲೇ.

ಹೆಜ್ಜೇನು ಎದ್ದರೆ ಮಾಡತಕ್ಕದ್ದು ಒಂದೇ. ಸೆರಗಿನಿಂದಾಗಲಿ ದುಪ್ಪಟೆಯಿಂದಾಗಲಿ ಮುಖವನ್ನೂ ತಲೆಯನ್ನೂ ಮುಚ್ಚಿಕೊಂಡು, ನಿಲ್ಲದೆ ಓಡಿ, ಹತ್ತರದ ಮನೆಯನ್ನೋ ಮೋಟಾರನ್ನೋ ಹೊಕ್ಕು ಬಾಗಿಲು ಮುಚ್ಚಿಕೊಳ್ಳಬೇಕು. ನೆಲದ ಮೇಲೆ ಮಲಗುವದೂ ಪೊದೆಯಲ್ಲಿ ಅಡಗುವದೂ ಪ್ರಯೋಜನವಿಲ್ಲ. ಬಾವಿಗೋ ಕೆರೆಗೋ ಧುಮುಕಕೂಡದು, ಯಾಕಂದರೆ ಅವು ನೀರಿನ ಮೇಲೆ ಕಾದುಕೊಂಡೇ ಇರುತ್ತವೆ. ಮುಳುಗುವ ಅಪಾಯವೂ ಕೂಡಿಕೊಳ್ಳುತ್ತದೆ. ಬಸವಕಲ್ಯಾಣದ ಕೋಟೆಗೂ ಜಲಸಂಗ್ವಿಯ ಚಾಲುಕ್ಯರ ಕಾಲದ ಗುಡಿಗೂ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ, ಒಬ್ಬ ಉಪಾಧ್ಯಾಯಿನಿಯು ಮುಂದಾಗಿ ಹೋಗಿ ಕಲ್ಲಿನ ಚಾಚುಗಳನ್ನೂ ಮರಗಳನ್ನೂ ತಲೆಯೆತ್ತಿ ನೋಡಿ ಬರುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ. ಐದು ನಿಮಿಷದ ಕೆಲಸ. ಆದರೆ ನಲವತ್ತು ಮಕ್ಕಳ ಕ್ಷೇಮವು ಅದರಲ್ಲಿದೆ.

ಬೆಳದಿಂಗಳ ರಾತ್ರಿಗಳಲ್ಲಿ ಹೆಜ್ಜೇನು ಮೇವಿಗೆ ಹೊರಡುವದುಂಟು, ದೀಪಕ್ಕೂ ಎರಗುತ್ತದೆ. ಹತ್ತರದಲ್ಲಿ ಹುಟ್ಟಿದ್ದರೆ ಆ ಕಡೆಯ ಕಿಟಕಿಗೆ ಪರದೆಯನ್ನು ಬಿಡಬೇಕು, ಹೊರಗಿನ ದೀಪವನ್ನು ಆರಿಸಬೇಕು. ಬೆಳಿಗ್ಗೆ ನೆಲದ ಮೇಲೆ ಬಿದ್ದಿರುವ ನೊಣಗಳನ್ನು ಬರಿಗಾಲಿನಿಂದ ತುಳಿಯಬಾರದು. ಸತ್ತಂತೆ ಕಾಣುವದೂ ಕುಟುಕಬಲ್ಲದು.

ಇಷ್ಟು ಹೇಳಿದ ಮೇಲೆ, ಹುಟ್ಟನ್ನು ಸುಟ್ಟುಬಿಡೋಣವೇ ಎಂದು ಕೇಳುವವರುಂಟು. ನಮ್ಮ ಆವರಣದ ದೊಡ್ಡ ಮರಕ್ಕೆ ಹೆಜ್ಜೇನು ಬಂದ ವರ್ಷ ಪಾಲಕರು ಅನೇಕರು ಹಾಗೆಯೇ ಕೇಳಿದರು. ನಾವು ಮರದ ಸುತ್ತ ದೂರದಲ್ಲಿ ಹಗ್ಗ ಕಟ್ಟಿಸಿ, ಆ ಕಡೆ ಕಸ ಸುಡುವದನ್ನೂ ಆಟವಾಡುವದನ್ನೂ ನಿಲ್ಲಿಸಿ, ಕಾದೆವು. ಹೂವಿನ ಕಾಲ ಮುಗಿದ ಮೇಲೆ ಅವು ಒಂದು ದಿನ ತಾವಾಗಿ ಎದ್ದುಹೋದವು. ಹೆಜ್ಜೇನಿನ ಸ್ವಭಾವವೇ ಅದು. ಮೇವು ಇರುವಲ್ಲಿಗೆ ವಲಸೆ ಹೋಗುತ್ತದೆ, ಅನೇಕ ಸಾರಿ ಮರುವರ್ಷ ಅದೇ ಮರಕ್ಕೆ ಬರುತ್ತದೆ. ಸೂರ್ಯಕಾಂತಿಯ ಹೂವಿನಲ್ಲಿ ಕಾಳು ತುಂಬಬೇಕಾದರೆ ಜೇನಿನ ಸೇವೆ ಬೇಕೆಂಬದನ್ನು ನಮ್ಮ ರೈತರು ಬಲ್ಲರು. ೧೯೯೧-೯೨ರಲ್ಲಿ ಒಂದು ಮರಿರೋಗವು ಕರ್ನಾಟಕದ ತುಡುವೆ ಜೇನನ್ನು ಬಹುಮಟ್ಟಿಗೆ ಅಳಿಸಿತು. ಅದರ ನಷ್ಟವು ಜೇನುಸಾಕಣೆಯವರಿಗೆ ಬಹುಕಾಲ ತಟ್ಟಿತು. ದವಾಖಾನೆಯ ಬಾಗಿಲು, ಅಂಗನವಾಡಿ ಇಂಥ ಸ್ಥಳಗಳಲ್ಲಿ ಹುಟ್ಟು ಇರಲೇಕೂಡದೆಂದಾದರೆ, ಜೇನು ತೆಗೆಯುವ ಕಸಬುಳ್ಳವರನ್ನೋ ಅಗ್ನಿಶಾಮಕ ದಳದವರನ್ನೋ ಕೇಳಿಕೊಳ್ಳಬೇಕು. ಮನೆಯವರು ಪಂಜು ಹಿಡಿದು ಏಣಿ ಹತ್ತುವದು ಮೂರ್ಖತನವು.

ಕಣಜಗಳು

ಮಾಳಿಗೆಯ ತೊಲೆ, ಕಿಟಕಿಯ ಚೌಕಟ್ಟು, ವಿದ್ಯುತ್ ಮೀಟರಿನ ಪೆಟ್ಟಿಗೆ, ಇಲ್ಲೆಲ್ಲ ತಲೆಕೆಳಗಾಗಿ ತೂಗುವ ಬೂದುಬಣ್ಣದ ಕಾಗದದ ಗೂಡನ್ನು ಎಲ್ಲರೂ ನೋಡಿರುವರು. ಅದು ನಿಜವಾಗಿಯೂ ಕಾಗದವೇ. ಕಣಜವು ಒಣಮರದ ನಾರನ್ನು ಕೆರೆದು, ಜೊಲ್ಲಿನೊಡನೆ ಅಗಿದು, ತೆಳ್ಳಗೆ ಬಡಿದು ಕೋಣೆಗಳನ್ನು ಕಟ್ಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ರಾಘವೇಂದ್ರ ಗದಗಕರರು ಇಂಥ ಒಂದು ಕಣಜವನ್ನೇ ಹಲವು ದಶಕಗಳ ವರೆಗೆ ಅಭ್ಯಾಸಮಾಡಿ ೨೦೦೧ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅವರು ತೋರಿಸಿಕೊಟ್ಟ ಸಂಗತಿಯೊಂದು ವಿಚಿತ್ರವಾದದ್ದು. ಆ ಗೂಡಿನ ರಾಣಿಯು ನೋಡಲು ಉಳಿದವುಗಳಂತೆಯೇ ಇದ್ದು, ನಡತೆಯಲ್ಲಿ ಬಹು ಸೌಮ್ಯಳು. ಆದರೆ ಅವಳನ್ನು ತೆಗೆದೊಡನೆ ಕೆಲಸಗಾರ್ತಿಯರಲ್ಲಿ ಒಬ್ಬಳು ಕೂಡಲೆ ಉಗ್ರಳಾಗಿ, ಮುಂದೆ ತಾನೇ ರಾಣಿಯಾಗುತ್ತಾಳೆ. ಒಂದು ಕಣಜವನ್ನು ಚಪ್ಪಲಿಯಿಂದ ಹೊಡೆದು ಗೂಡು ಮುಗಿಯಿತೆಂದು ತಿಳಿಯುವವರು ಇದನ್ನು ನೆನಸಬೇಕು.

ಜನರು ನಡೆದಾಡದ ಮೂಲೆಯ ಗೂಡನ್ನು ಬಿಟ್ಟುಬಿಡುವದೇ ಲೇಸು. ಕಣಜಗಳು ಎಲೆ, ಕಾಯಿ ತಿನ್ನುವ ಹುಳುಗಳನ್ನು ಹಿಡಿದು ತಮ್ಮ ಮರಿಗಳಿಗೆ ತಿನ್ನಿಸುತ್ತವೆ. ಕೈತೋಟಕ್ಕೆ ಅದು ಉಪಕಾರವೇ. ಬಾಗಿಲ ಮೇಲೂ ತೊಟ್ಟಿಲ ಹತ್ತರವೂ ಇರುವ ಗೂಡನ್ನು ಮಾತ್ರ ತೆಗೆಯಬೇಕು, ಅದೂ ನಾಲ್ಕೈದು ಕೋಣೆಗಳ ಸಣ್ಣದಾಗಿರುವಾಗಲೇ. ಸಂಜೆ ಕತ್ತಲಾದ ಮೇಲೆ, ಮೈತುಂಬ ಬಟ್ಟೆ ತೊಟ್ಟು ಮುಖ ಮುಚ್ಚಿಕೊಂಡು, ಸಾಬೂನಿನ ದಟ್ಟ ನೀರನ್ನು ಪಿಚಕಾರಿಯಿಂದ ಚೆನ್ನಾಗಿ ತೊಯಿಸಿದರೆ ಅವು ಉಸಿರುಕಟ್ಟಿ ಬೀಳುತ್ತವೆ. ಆ ಮೇಲೆ ಗೂಡನ್ನು ಕೆರೆದು ತೆಗೆಯಬಹುದು. ಮೀಟರಿನ ಪೆಟ್ಟಿಗೆಗೆ ನೀರು ಹಾಕಲೇಕೂಡದು. ಅಲ್ಲಿ ವಿದ್ಯುತ್ ಇಲಾಖೆಯವರನ್ನು ಕರೆಯಬೇಕು. ಗೋಡೆಯ ಪೊಳ್ಳಿನಲ್ಲಿಯೂ ನೆಲದ ಬಿಲದಲ್ಲಿಯೂ ಸೇರಿರುವ ದೊಡ್ಡ ಕಡಜದ ಗೂಡಿಗೆ ಮನೆಯವರು ಕೈಹಾಕಬಾರದು. ಬಿಲದ ಬಾಯಿಗೆ ಮಣ್ಣು ಮೆತ್ತಿದರೆ ಅವು ಬೇರೆ ದಾರಿ ಹುಡುಕಿಕೊಂಡು ಮನೆಯೊಳಗೇ ಬರಬಹುದು.

ಗೋಡೆಗೆ ಮಣ್ಣಿನ ಉಂಡೆಯಂತೆ ಗೂಡು ಕಟ್ಟುವ ಕುಂಬಾರಹುಳು ಬೇರೆ ಜಾತಿಯದು. ಅದು ಒಂಟಿಯಾಗಿ ಬಾಳುವದು. ಜೇಡಗಳನ್ನೋ ಹಸಿರುಹುಳುಗಳನ್ನೋ ಕುಟುಕಿ ಮರವಟ್ಟಿಸಿ ಮರಿಗಳಿಗೆ ಬುತ್ತಿಯಾಗಿ ಒಳಗಿಟ್ಟು ಬಾಯಿ ಮುಚ್ಚುತ್ತದೆ. ಮುಟ್ಟಿ ಹಿಸುಕದ ಹೊರತು ಮನುಷ್ಯರನ್ನು ಕುಟುಕುವದಿಲ್ಲ.

ಜೇನು ಕಣಜ ಕುಟುಕಿದಾಗ

ಜೇನಿನ ಮುಳ್ಳನ್ನು ಕೂಡಲೆ ತೆಗೆಯಬೇಕು. ಉಗುರಿನಿಂದ ಕೆರೆಯಬೇಕೋ ಚಿಮುಟಿಗೆಯಿಂದ ಹಿಡಿಯಬೇಕೋ ಎಂದು ಹಿಂದೆ ವಾದವಿತ್ತು. ೧೯೯೬ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ತಿಳಿದುಬಂದದ್ದೇನಂದರೆ, ಹೇಗೆ ತೆಗೆದೆವೆಂಬದಕ್ಕಿಂತ ಎಷ್ಟು ಬೇಗ ತೆಗೆದೆವೆಂಬದೇ ಮುಖ್ಯ. ವಿಷದ ಹೆಚ್ಚಿನ ಪಾಲು ಮೊದಲ ಕೆಲವು ಸೆಕೆಂಡುಗಳಲ್ಲಿಯೇ ಒಳಗೆ ಇಳಿಯುತ್ತದೆ. ಚಿಮುಟಿಗೆ ಹುಡುಕುತ್ತ ಒಳಗೆ ಹೋಗುವಷ್ಟರಲ್ಲಿ ಕಾಲವು ಮೀರಿರುತ್ತದೆ.

ಬಳಿಕ ಸಾಬೂನು ನೀರಿನಿಂದ ತೊಳೆದು, ತಣ್ಣೀರಿನ ಬಟ್ಟೆಯನ್ನೋ ಬಟ್ಟೆಯಲ್ಲಿ ಸುತ್ತಿದ ಬರ್ಫವನ್ನೋ ಇಡಬೇಕು. ಕೈಗೆ ಕುಟುಕಿದ್ದರೆ ಬಳೆಯನ್ನೂ ಉಂಗುರವನ್ನೂ ಬಾವು ಏರುವ ಮೊದಲೇ ತೆಗೆಯಬೇಕು. ಇದನ್ನು ಮರೆತು ಅಕ್ಕಸಾಲಿಗನ ಬಳಿಗೆ ಓಡಿದವರುಂಟು. ಬಾವು ಎರಡನೆಯ ದಿನ ಹೆಚ್ಚಾಗಿ ಕಾಣುವದು ಸಹಜ. ಸುಣ್ಣ, ಹುಣಸೆಹುಳಿ, ಈರುಳ್ಳಿ, ಕಬ್ಬಿಣದ ತುಕ್ಕು ಇವನ್ನು ಹಚ್ಚುವದು ನಮ್ಮಲ್ಲಿ ಹಳೆಯ ರೂಢಿ. ಜೇನಿನ ವಿಷ ಹುಳಿ, ಆದ್ದರಿಂದ ಸುಣ್ಣವು ಅದನ್ನು ಮುರಿಯುವದೆಂದು ಶಾಲೆಯ ಪುಸ್ತಕಗಳಲ್ಲಿಯೂ ಬರೆದದ್ದುಂಟು. ಆದರೆ ಆ ವಿಷದಲ್ಲಿ ಕೆಲಸಮಾಡುವವು ಮುಖ್ಯವಾಗಿ ಪ್ರೋಟೀನಿನ ಜಾತಿಯ ವಸ್ತುಗಳು. ಅವು ಚರ್ಮದ ಒಳಗೆ ಸೇರಿದ ಮೇಲೆ ಮೇಲಿನ ಲೇಪವು ಅವುಗಳನ್ನು ಮುಟ್ಟುವದಿಲ್ಲ. ಲೇಪದಿಂದ ಹೆಚ್ಚಿನ ಕೇಡು ಯಾವದೆಂದರೆ, ಏನೋ ಮಾಡಿದೆವೆಂಬ ಸಮಾಧಾನ ಹುಟ್ಟಿ ಹೊತ್ತು ಹೋಗುವದು.

ಹೆಚ್ಚಿನವರಿಗೆ ಒಂದೆರಡು ಕುಟುಕುಗಳಿಂದ ನೋವೂ ಬಾವೂ ಅಲ್ಲದೆ ಬೇರೇನೂ ಆಗುವದಿಲ್ಲ. ಆದರೆ ಕೆಲವರ ದೇಹವು ಈ ವಿಷಕ್ಕೆ ವಿಪರೀತವಾಗಿ ಉತ್ತರ ಕೊಡುತ್ತದೆ. ೧೯೦೨ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ, ಪಾಲ್ ಪೋರ್ತಿಯೇ ಎಂಬವರು ಈ ಸ್ಥಿತಿಯನ್ನು ವಿವರಿಸಿ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ರಿಶೆಯವರಿಗೆ ೧೯೧೩ರ ನೊಬೆಲ್ ಬಹುಮಾನ ಬಂತು. ಇಂಥವರಿಗೆ ಒಂದೇ ಕುಟುಕು ಸಾಕು. ಕೆಲವೇ ನಿಮಿಷಗಳಲ್ಲಿ, ಕುಟುಕಿದ ಸ್ಥಳವಲ್ಲದೆ ಮೈಯೆಲ್ಲಾ ಗಂಧೆಗಳೇಳುತ್ತವೆ. ತುಟಿ, ನಾಲಗೆ, ಕಣ್ಣಿನ ರೆಪ್ಪೆ ಬಾಯುತ್ತವೆ. ಧ್ವನಿ ಗೊಗ್ಗರಾಗುತ್ತದೆ, ಉಸಿರಾಟದಲ್ಲಿ ಸಿಳ್ಳು ಕೇಳುತ್ತದೆ, ತಲೆಸುತ್ತಿ ಬೀಳುತ್ತಾರೆ. ಇವುಗಳಲ್ಲಿ ಯಾವದು ಕಂಡರೂ ಒಂದು ನಿಮಿಷವನ್ನೂ ಕಳೆಯದೆ ೧೦೮ಕ್ಕೆ ಕರೆ ಮಾಡಬೇಕು. ಇಲ್ಲವೆ ಸಿಕ್ಕಿದ ಗಾಡಿಯಲ್ಲಿ ದವಾಖಾನೆಗೆ ಒಯ್ಯಬೇಕು. ರೋಗಿಯನ್ನು ಕಾಲು ಎತ್ತರವಾಗಿ ಮಲಗಿಸಬೇಕು, ಉಸಿರಾಡಲು ಕಷ್ಟವಾದರೆ ಒರಗಿ ಕೂಡಿಸಬೇಕು, ನಡೆಸಲೇಬಾರದು. ಇದಕ್ಕೆ ಔಷಧ ಒಂದೇ: ತೊಡೆಗೆ ಚುಚ್ಚುವ ಅಡ್ರಿನಾಲಿನ್. ಮನೆಯಲ್ಲಿರುವ ಅಲರ್ಜಿಯ ಗುಳಿಗೆಯು ತುರಿಕೆಗೆ ಸಾಕು, ಇದಕ್ಕೆ ಸಾಲದು. ಗುಣವಾದಂತೆ ತೋರಿದರೂ ಕೆಲವು ತಾಸುಗಳ ಮೇಲೆ ಮರುಕಳಿಸಬಹುದಾದ್ದರಿಂದ ಡಾಕ್ಟರರು ಬಿಡುವ ವರೆಗೆ ಅಲ್ಲಿಯೇ ಇರಬೇಕು. ಹಿಂದೆ ಹೀಗಾದ ಮಗುವಿದ್ದರೆ ತಂದೆತಾಯಿಗಳು ಅದನ್ನು ಶಾಲೆಗೆ ಬರೆದು ತಿಳಿಸಬೇಕೆಂದು ಬೇಡುತ್ತೇವೆ.

ಅಲರ್ಜಿಯಿಲ್ಲದಿದ್ದರೂ ದವಾಖಾನೆಗೆ ಹೋಗಲೇಬೇಕಾದ ಸಂದರ್ಭಗಳು ಇನ್ನೆರಡುಂಟು. ಮಗುವಿಗೆ ಹತ್ತಕ್ಕಿಂತ ಹೆಚ್ಚು ಕುಟುಕುಗಳಾಗಿದ್ದರೆ ಒಂದು. ಬಹಳ ಕುಟುಕುಗಳ ವಿಷವು ಮೂತ್ರಪಿಂಡಗಳನ್ನು ಕೆಡಿಸಬಹುದು. ಬಾಯಿ, ಗಂಟಲು, ಕಣ್ಣುಗಳಲ್ಲಿ ಕುಟುಕಿದ್ದರೆ ಇನ್ನೊಂದು. ಕಬ್ಬಿನ ಹಾಲಿನ ಲೋಟದಲ್ಲಿ ನೊಣವಿರುವದನ್ನು ನೋಡದೆ ಮಕ್ಕಳು ಕುಡಿಯುವರು. ಮೊದಲು ಲೋಟದೊಳಗೆ ನೋಡುವ ಅಭ್ಯಾಸವನ್ನು ಮಾಡಿಸಬೇಕು.

ಚೇಳು

ಜೇನೂ ಕಣಜವೂ ಹಗಲಿನ ಶತ್ರುಗಳಾದರೆ ಚೇಳು ರಾತ್ರಿಯದು. ನಮ್ಮ ಭಾಗದಲ್ಲಿ ಎರಡು ತರದ ಚೇಳುಗಳನ್ನು ಗುರುತಿಸಲು ಕಲಿಯಬೇಕು. ದೊಡ್ಡ ಕರಿಚೇಳಿನ ಇಕ್ಕಳಗಳು ದಪ್ಪ, ಬಾಲ ಸಣ್ಣದು. ನೋಡಲು ಭಯಂಕರ, ಕಡಿದರೆ ಬಹಳ ನೋವು, ಆದರೆ ಪ್ರಾಣಾಪಾಯವು ಅಪರೂಪ. ಕೆಂಪುಚೇಳು ಎರಡು ಮೂರು ಅಂಗುಲದ್ದು. ಇಕ್ಕಳಗಳು ತೆಳ್ಳಗೆ, ಬಾಲ ದಪ್ಪ. ಕೊಲ್ಲುವದು ಇದು. ದಪ್ಪ ಇಕ್ಕಳವಾದರೆ ವಿಷ ಕಡಿಮೆ, ದಪ್ಪ ಬಾಲವಾದರೆ ವಿಷ ಹೆಚ್ಚು: ಇಷ್ಟನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರೆ ಡಾಕ್ಟರರ ಮೊದಲನೆಯ ಪ್ರಶ್ನೆಗೆ ಉತ್ತರ ಸಿಕ್ಕೀತು.

ಕೆಂಪುಚೇಳಿನ ವಿಷಯದಲ್ಲಿ ನಮ್ಮನ್ನು ಮೋಸಗೊಳಿಸುವ ಸಂಗತಿಯೊಂದುಂಟು. ಅದರಿಂದಲೇ ನಾವು ಆ ಸಂಜೆ ಮೋಸಹೋದೆವು. ನೋವಿನಿಂದ ಹೊರಳಾಡಿ ಅಳುವ ಮಗುವಿಗಿಂತ, ನೋವು ಕಡಿಮೆಯೆನ್ನುತ್ತ ಬೆವರುವ ಮಗುವಿಗೆ ಅಪಾಯ ಹೆಚ್ಚಾಗಿರಬಹುದು. ವಿಷವು ಸ್ಥಳದಲ್ಲಿ ನಿಲ್ಲದೆ ದೇಹದ ನರಗಳನ್ನು ಕೆರಳಿಸಿ, ರಕ್ತನಾಳಗಳನ್ನು ಬಿಗಿದು, ಹೃದಯದ ಮೇಲೆ ಹೊರಲಾರದ ಭಾರವನ್ನು ಹೊರಿಸುತ್ತದೆ. ವಾಂತಿ, ಧಾರೆಯಾಗಿ ಬೆವರು, ತಣ್ಣಗಾದ ಕೈಕಾಲು, ಇವು ಮೊದಲನೆಯ ಗುರುತುಗಳು. ಬಳಿಕ ಪುಪ್ಪುಸಗಳಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಚಿಕ್ಕ ಮಕ್ಕಳು ಬೇಗನೆ ಕುಗ್ಗುತ್ತಾರೆ.

ಇದಕ್ಕೆ ಪರಿಹಾರವು ದೊಡ್ಡ ಪಟ್ಟಣದಿಂದ ಬರಲಿಲ್ಲ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯಲ್ಲಿ ಡಾಕ್ಟರ ಹಿಮ್ಮತರಾವ ಬಾವಸ್ಕರರು ೧೯೭೬ರಲ್ಲಿ ಹಳ್ಳಿಯ ಆರೋಗ್ಯ ಕೇಂದ್ರವೊಂದಕ್ಕೆ ಬಂದರು. ಚೇಳು ಕಡಿದ ಮಕ್ಕಳು ಕಣ್ಣೆದುರಿಗೆ ಸಾಯುವದನ್ನು ಕಂಡು, ಹಾಸಿಗೆಯ ಬಳಿ ಕುಳಿತು ತಾಸುತಾಸಿಗೆ ನಾಡಿಯನ್ನೂ ರಕ್ತದೊತ್ತಡವನ್ನೂ ಬರೆದಿಟ್ಟರು. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಗುಳಿಗೆಯು ಈ ವಿಷದ ಕೆಲಸವನ್ನು ತಡೆಯುವದೆಂದು ಕಂಡುಕೊಂಡು, ೧೯೮೬ರಲ್ಲಿ ಲಂಡನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ, ಅವರ ಲೆಕ್ಕದಂತೆ, ವಿಷವೇರಿ ಬಂದ ನೂರು ರೋಗಿಗಳಲ್ಲಿ ಸುಮಾರು ಮೂವತ್ತು ಮಂದಿ ಸಾಯುತ್ತಿದ್ದರು. ಆ ಮೇಲೆ ಅದು ನಾಲ್ಕಕ್ಕಿಂತಲೂ ಕೆಳಗಿಳಿಯಿತು. ಪ್ರಾಜೋಸಿನ್ನಿನೊಡನೆ ಚೇಳಿನ ಪ್ರತಿವಿಷವನ್ನೂ ಕೊಟ್ಟರೆ ರೋಗಿಯು ಇನ್ನೂ ಬೇಗ ಚೇತರಿಸಿಕೊಳ್ಳುವನೆಂದು ೨೦೧೧ರಲ್ಲಿ ತೋರಿಸಿದರು. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಈ ಗುಳಿಗೆಯನ್ನು ಮನೆಯಲ್ಲಿ ತಾವಾಗಿ ಕೊಡಕೂಡದು. ರಕ್ತದೊತ್ತಡ ನೋಡಿ ಡಾಕ್ಟರರೇ ಕೊಡತಕ್ಕದ್ದು. ನಮ್ಮ ಪಾಲಿನ ಕೆಲಸವು ಮಗುವನ್ನು ಬೇಗ ಅವರ ಮುಂದೆ ತಂದು ನಿಲ್ಲಿಸುವದು. ದಾರ ಕಟ್ಟುವದು, ಕೊಯ್ಯುವದು, ಹೀರುವದು, ಮಂತ್ರ ಹಾಕಿಸಲು ಕಾಯುವದು, ಇವು ಯಾವವೂ ಬೇಡ.

ಯಾದಗಿರಿ ಜಿಲ್ಲೆಯ ಕಂದಕೂರಿನ ಗುಡ್ಡದಲ್ಲಿ ನಾಗಪಂಚಮಿಯ ದಿನ ಜನರು ಕಲ್ಲೆತ್ತಿ ಚೇಳುಗಳನ್ನು ಹಿಡಿದು ಮೈಮೇಲೆ ಬಿಟ್ಟುಕೊಳ್ಳುವದನ್ನು ಮಕ್ಕಳು ಮೊಬೈಲಿನಲ್ಲಿ ನೋಡಿರುತ್ತಾರೆ. ಅಲ್ಲಿಯವರ ಭಕ್ತಿಯ ವಿಷಯದಲ್ಲಿ ನಾವು ಏನೂ ಹೇಳುವದಿಲ್ಲ. ಒತ್ತದೆ ಬಿಟ್ಟ ಚೇಳು ಕಡಿಯದೆ ನಡೆಯುವದುಂಟು. ಆದರೆ ಒಂದು ಸಾರಿ ಕಡಿಯದ್ದರಿಂದ ಇನ್ನೊಂದು ಸಾರಿಯೂ ಕಡಿಯಲಾರದೆಂದು ಹೇಳಲಾಗದು. ನೋಡಿದ್ದನ್ನು ಹಿತ್ತಲಿನಲ್ಲಿ ಮಾಡಿ ನೋಡಬಾರದೆಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು.

ತಡೆಯುವ ಉಪಾಯಗಳು ಮನೆಗೆಲಸದೊಳಗೇ ಇವೆ. ನಮ್ಮ ಹಳೆಯ ಮನೆಗಳು ಕಲ್ಲು ಮಣ್ಣಿನವು; ಸಂದುಗಳಿಗೆ ಗಚ್ಚು ತುಂಬಿಸಬೇಕು, ಬಾಗಿಲಡಿಯ ಸಂದಿಗೆ ಪಟ್ಟಿ ಹೊಡೆಯಿಸಬೇಕು. ತೊಗರಿಕಟ್ಟಿಗೆ, ಕುಳ್ಳು, ಇಟ್ಟಿಗೆಯ ರಾಶಿಗಳನ್ನು ಗೋಡೆಗೆ ತಾಗಿಸಿಡದೆ ದೂರವಿಡಬೇಕು. ಕಟ್ಟಿಗೆಯನ್ನು ಕೋಲಿನಿಂದ ಅಲುಗಿಸಿದ ಮೇಲೆಯೇ ಕೈಹಾಕಬೇಕು, ಮಕ್ಕಳನ್ನು ಕತ್ತಲಲ್ಲಿ ಕಳುಹಿಸಬಾರದು. ಹಾಸಿಗೆಯನ್ನು ಕೊಡವಿ ಹಾಸಬೇಕು, ಮಂಚವನ್ನು ಗೋಡೆಯಿಂದ ಸರಿಸಿ ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ಶಾಲೆಯ ಬೂಟುಗಳನ್ನು ಬೆಳಿಗ್ಗೆ ತಲೆಕೆಳಗಾಗಿ ಕುಟ್ಟದೆ ಹಾಕಬಾರದು. ಬೇಸಗೆಯ ಸೆಕೆಯಲ್ಲಿಯೂ ಮೊದಲ ಮಳೆಯ ದಿನಗಳಲ್ಲಿಯೂ ಎಚ್ಚರ ಹೆಚ್ಚಾಗಿರಬೇಕು. ನೇರಳೆಯ ಆಚೆಯ ಕಿರಣಗಳನ್ನು ಬೀರುವ ಸಣ್ಣ ಟಾರ್ಚು ಈಗ ಪೇಟೆಯಲ್ಲಿ ಸಿಗುತ್ತದೆ. ಅದರ ಬೆಳಕಿನಲ್ಲಿ ಚೇಳು ಹಸಿರಾಗಿ ಹೊಳೆಯುತ್ತದೆ. ಮಲಗುವ ಮುಂಚೆ ಒಮ್ಮೆ ಅದನ್ನು ಮೂಲೆಗಳಲ್ಲಿ ಆಡಿಸಿದರೆ ಕಣ್ಣಿಗೆ ಬೀಳದ ಚೇಳೂ ಬೀಳುತ್ತದೆ.

ಕೊನೆಯ ಮಾತು

ಚೇಳಿಗೆ ಪಾರುಪತ್ಯ ಕೊಟ್ಟ ಹಾಗೆ ಎಂಬ ಗಾದೆ ನಮ್ಮಲ್ಲುಂಟು. ಭಯಕ್ಕೆ ಪಾರುಪತ್ಯ ಕೊಟ್ಟರೂ ಹಾಗೆಯೇ. ಅದು ಮರವನ್ನು ಸುಡಿಸುತ್ತದೆ, ಮಗುವನ್ನು ಮಾತ್ರ ಕಾಯುವದಿಲ್ಲ. ಆದ್ದರಿಂದ ಮನೆಯಲ್ಲಿ ಏನಾದರೂ ಕುಟುಕಿದ ಕೂಡಲೆ ತಾಯಿಯು ಎರಡು ಕೆಲಸಗಳನ್ನು ಮಾಡಲಿ. ಗಡಿಯಾರವನ್ನು ನೋಡಿ ಹೊತ್ತನ್ನು ಒಂದು ಚೀಟಿಯಲ್ಲಿ ಬರೆಯಲಿ. ಕುಟುಕಿದ್ದು ಯಾವದೆಂದು ದೂರದಿಂದ ನೋಡಲಿ. ಅದನ್ನು ಹಿಡಿಯಲು ಹೋಗಿ ತಾನೂ ಕಡಿಸಿಕೊಳ್ಳದಿರಲಿ, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ಕೆಂಪುಚೇಳಾದರೆ, ಇಲ್ಲವೆ ಯಾವದೆಂದು ತಿಳಿಯದ ಚೇಳಾದರೆ, ಗುರುತುಗಳಿಗಾಗಿ ಕಾಯದೆ ಹೊರಡಲಿ.

ಈಗ ನಮ್ಮ ವಸತಿಗೃಹದ ಅಡಿಗೆಮನೆಯ ಗೋಡೆಗೆ ಒಂದು ಗಡಿಯಾರವಿದೆ. ಅದರ ಕೆಳಗೆ ದಾರದಲ್ಲಿ ಕಟ್ಟಿದ ಪೆನ್ಸಿಲೂ ಚೀಟಿಗಳ ಕಟ್ಟೂ ತೂಗುತ್ತವೆ. ಹೊಸದಾಗಿ ಬಂದ ಹುಡುಗಿಯರು ಅದು ಏತಕ್ಕೆಂದು ಕೇಳುವರು. ನಾವು ಆ ಒಂದು ತಾಸಿನ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.